ಒಂದು ಬಂಡೆ, ಎರಡು ವಿಭಾಗ: ದುರ್ಗದ ನೆಲದಲ್ಲಿ ಜಂಟಿ ನೇಮಕಾತಿಯ ಪ್ರಶ್ನೆ

ಚಿತ್ರದುರ್ಗದ ಬೆಟ್ಟಸಾಲಿನ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಕಣಿವೆಯಲ್ಲಿ, ಭೈರವೇಶ್ವರ ಗುಡಿಯ ಬಳಿ, ಕದಂಬ ಮಯೂರಶರ್ಮನ ಹೆಸರುಳ್ಳ ಬಂಡೆಗಲ್ಲಿನ ಶಾಸನವೊಂದಿದೆ. ಅದರ ಭಾಷೆ ಪ್ರಾಕೃತ. ಲಿಪಿ ಬ್ರಾಹ್ಮಿಯ ದಾಕ್ಷಿಣಾತ್ಯ ರೂಪ. ಹೇಳುವ ವಿಷಯ ಒಂದು ಕೆರೆಯದು. ಇದನ್ನು ಓದಿ ವಿದ್ವಲ್ಲೋಕದ ಮುಂದಿಟ್ಟವರು ಎಂ.ಎಚ್. ಕೃಷ್ಣ. ಅವರ ಓದಿನಂತೆ ಕೆರೆಯ ಮಾತಿನೊಡನೆ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಎಂಬ ಹೆಸರುಗಳ ಸಾಲೂ ಅಲ್ಲಿದೆ. ಆ ಸಾಲು ನಿಜವಾದರೆ ನಾಲ್ಕನೆಯ ಶತಮಾನದ ಕನ್ನಡನಾಡಿನ ಅರಸನೊಬ್ಬನ ಕೀರ್ತಿ ಉತ್ತರಾಪಥದವರೆಗೆ ಹಬ್ಬಿತ್ತೆಂದು ಒಪ್ಪಬೇಕಾಗುತ್ತದೆ. ಆದರೆ ಬಂಡೆಯ ಅಕ್ಷರಗಳು ಸವೆದಿವೆ. ಬಳಿಕ ಬಂದ ಶಾಸನತಜ್ಞರು ಈ ಓದಿನ ಬಗೆಗೆ ಸಂದೇಹಗಳನ್ನು ಎತ್ತಿದ್ದಾರೆ. ಒಂದು ರಾಜವಂಶದ ಆರಂಭದ ಇತಿಹಾಸ ಹೀಗೆ ಕೆಲವು ಅಕ್ಷರಗಳ ಮೇಲೆ ನಿಂತಿದೆ.

ಇಂದು ಈ ಬಂಡೆಯನ್ನು ವಿಶ್ವವಿದ್ಯಾನಿಲಯದ ಯಾವ ಕೋಣೆಯಲ್ಲಿ ಕಲಿಸಬೇಕು? ಇತಿಹಾಸದ ವಿದ್ಯಾರ್ಥಿ ಆ ಎಂಟು ಹೆಸರುಗಳನ್ನು ಕಂಠಪಾಠ ಮಾಡುತ್ತಾನೆ. ಅವು ಕಲ್ಲಿನಲ್ಲಿ ಇವೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಲಿಪಿಜ್ಞಾನವಾಗಲಿ ಭಾಷಾಜ್ಞಾನವಾಗಲಿ ಅವನಿಗೆ ದೊರೆತಿರುವುದಿಲ್ಲ. ಕನ್ನಡದ ವಿದ್ಯಾರ್ಥಿಗೆ ಶಾಸನಶಾಸ್ತ್ರದ ಒಂದು ಪತ್ರಿಕೆ ಇರುತ್ತದೆ. ಹಲ್ಮಿಡಿಯಿಂದ ಹೊರಡುವ ಆ ಪಾಠಕ್ಕೆ ಪ್ರಾಕೃತ ಶಾಸನ ಹೊಸ್ತಿಲಾಚೆಯ ವಸ್ತು. ಪ್ರಾಕೃತ ಬಲ್ಲವರು ಇರುವಲ್ಲಿ ಕದಂಬರ ಪಾಠವಿಲ್ಲ. ಹೀಗೆ ಮೂರು ವಿಭಾಗಗಳಿಗೂ ಸೇರಬೇಕಾದ ಬಂಡೆ ಒಂದಕ್ಕೂ ಸೇರದೆ ಉಳಿದಿದೆ. ವಿಭಾಗಗಳ ನಡುವೆ ಹಂಚಿಕೊಳ್ಳುವ ಅಧ್ಯಾಪಕ ಹುದ್ದೆಯ ಚರ್ಚೆ ಇಲ್ಲಿಂದ ಆರಂಭವಾಗಬೇಕು. ಅದು ಹಣಕಾಸು ಇಲಾಖೆಯ ಟಿಪ್ಪಣಿಯಿಂದ ಆರಂಭವಾದರೆ ಫಲ ವಿಪರೀತವಾಗುತ್ತದೆ.

ಹಿಂದಿನವರ ನಡೆ

ಜಂಟಿ ನೇಮಕಾತಿ ಎಂದೊಡನೆ ಅದು ಅಮೆರಿಕದಿಂದ ಬಂದ ಹೊಸ ಆಮದು ಎಂದು ಮೂಗು ಮುರಿಯುವವರಿದ್ದಾರೆ. ಹೆಸರು ಹೊಸದಿರಬಹುದು, ನಡೆ ಹಳೆಯದು. ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಹೊಣೆ ಹೊತ್ತಿದ್ದ ಆರ್. ನರಸಿಂಹಾಚಾರ್ಯರೇ 'ಕರ್ಣಾಟಕ ಕವಿಚರಿತೆ'ಯನ್ನು ರಚಿಸಿದವರು. ಶಾಸನ ಹುಡುಕುತ್ತ ಊರೂರು ತಿರುಗಿದ ಕಣ್ಣು, ಕವಿಗಳ ಕಾಲ ನಿರ್ಣಯಿಸುವ ಕಣ್ಣು ಎರಡೂ ಒಬ್ಬರದೇ ಆಗಿದ್ದುದರಿಂದ ಕನ್ನಡ ಸಾಹಿತ್ಯಚರಿತ್ರೆಗೆ ಕಾಲಾನುಕ್ರಮದ ಬೆನ್ನೆಲುಬು ಬಂದಿತು. ಅವರ ನಂತರ ಇಲಾಖೆಯನ್ನು ನಡೆಸಿದ ಆರ್. ಶಾಮಶಾಸ್ತ್ರಿಗಳು ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಸಂಸ್ಕೃತ ಪಂಡಿತರು. ಶಾಮಶಾಸ್ತ್ರಿಗಳ ಬಳಿಕ ಬಂದ ಎಂ.ಎಚ್. ಕೃಷ್ಣ ಒಂದೇ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರೂ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರೂ ಆಗಿದ್ದರು. ಚಂದ್ರವಳ್ಳಿಯ ಮೊದಲ ಶಾಸ್ತ್ರೀಯ ಉತ್ಖನನ ನಡೆದುದು ಆ ಎರಡು ಕುರ್ಚಿಗಳು ಒಬ್ಬರ ಕೈಯಲ್ಲಿದ್ದಾಗ. ನೆಲದಡಿಯ ಸಾತವಾಹನ ನಾಣ್ಯವನ್ನೂ ರೋಮನ್ ಬೆಳ್ಳಿ ನಾಣ್ಯವನ್ನೂ ನೆಲದ ಮೇಲಿನ ಶಾಸನವನ್ನೂ ಒಟ್ಟಿಗೆ ಇಟ್ಟು ನೋಡುವುದು ಆಗ ಸಾಧ್ಯವಾಯಿತು.

ಕನ್ನಡ ವಿಭಾಗದ ಕಥೆಯೂ ಬೇರೆಯಲ್ಲ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು; ಕನ್ನಡಕ್ಕೂ ಗೌರವ ಪ್ರಾಧ್ಯಾಪಕರಾಗಿ ದುಡಿದರು. ಅವರು ಎರಡು ಮನೆಗಳಲ್ಲಿ ಓಡಾಡಿದ್ದರಿಂದ ಇಂಗ್ಲಿಷ್ ವಿಭಾಗ ಬಡವಾಗಲಿಲ್ಲ, ಕನ್ನಡ ವಿಭಾಗ ತನ್ನತನ ಕಳೆದುಕೊಳ್ಳಲಿಲ್ಲ. ಅದೇ ವಿಭಾಗವನ್ನು ಕಟ್ಟಿದ ಟಿ.ಎಸ್. ವೆಂಕಣ್ಣಯ್ಯನವರು ಇದೇ ಚಿತ್ರದುರ್ಗ ಸೀಮೆಯ ತಳಕಿನವರೆಂಬುದನ್ನು ಇಲ್ಲಿನ ಅಭ್ಯಾಸಿಗಳು ಮರೆಯಬಾರದು. ಧಾರವಾಡದಲ್ಲಿ ಪಿ.ಬಿ. ದೇಸಾಯಿಯವರು ಭಾರತೀಯ ಶಾಸನ ಇಲಾಖೆಯ ಅನುಭವವನ್ನು ಹೊತ್ತು ತಂದು, ಕರ್ನಾಟಕ ವಿಶ್ವವಿದ್ಯಾನಿಲಯದ ಇತಿಹಾಸ ಅಧ್ಯಾಪನವನ್ನೂ ಕನ್ನಡ ಸಂಶೋಧನ ಸಂಸ್ಥೆಯ ನಿರ್ದೇಶಕತ್ವವನ್ನೂ ನಿರ್ವಹಿಸಿದರು. ದಕ್ಷಿಣ ಭಾರತದ ಜೈನ ಶಾಸನಗಳ ಕುರಿತ ಅವರ 1957ರ ಗ್ರಂಥ ಧರ್ಮದ ಇತಿಹಾಸವೋ, ಶಾಸನಗಳ ಸಂಕಲನವೋ, ಪ್ರಾದೇಶಿಕ ಚರಿತ್ರೆಯೋ ಎಂದು ಕೇಳಿದರೆ ಉತ್ತರ ಒಂದೇ: ಮೂರೂ ಹೌದು.

ಈ ಹಿರಿಯರ ನೇಮಕಗಳಿಗೆ 'ಜಂಟಿ' ಎಂಬ ಮುದ್ರೆ ಇರಲಿಲ್ಲ. ಅಂದಿನ ವ್ಯವಸ್ಥೆ ವ್ಯಕ್ತಿಯ ವಿದ್ವತ್ತನ್ನು ನೋಡಿ ಕುರ್ಚಿಯನ್ನು ಹೊಂದಿಸುತ್ತಿತ್ತು. ಇಂದಿನ ವ್ಯವಸ್ಥೆ ಕುರ್ಚಿಯ ಅಳತೆಗೆ ವಿದ್ವತ್ತನ್ನು ಕತ್ತರಿಸುತ್ತದೆ. ಹಿಂದಿನದು ಕೆಲವೇ ಮಂದಿಗೆ ತೆರೆದಿದ್ದ ಬಾಗಿಲು, ಅಧಿಕಾರದಲ್ಲಿದ್ದವರ ಮರ್ಜಿಯ ಮೇಲೆ ನಿಂತ ಬಾಗಿಲು ಎಂಬುದೂ ನಿಜವೇ. ಆದುದರಿಂದ ಹಳೆಯ ಕಾಲಕ್ಕೆ ಮರಳಬೇಕೆಂಬುದು ವಾದವಲ್ಲ. ಅಂದು ಅನುಗ್ರಹವಾಗಿ ದೊರೆಯುತ್ತಿದ್ದುದು ಇಂದು ನಿಯಮವಾಗಿ ದೊರೆಯಬೇಕು ಎಂಬುದೇ ವಾದ.

ನಾಲ್ಕು ತಾಲ್ಲೂಕುಗಳ ಸಾಕ್ಷಿ

ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದರೆ ಸಾಕು, ಈ ವಾದಕ್ಕೆ ಬೇರೆ ಸಾಕ್ಷಿ ಬೇಡ. ಚಿತ್ರದುರ್ಗದ ಚಂದ್ರವಳ್ಳಿಯ ಮಾತು ಆಯಿತು. ಹೊಸದುರ್ಗ ತಾಲ್ಲೂಕಿನ ನೀರಗುಂದವನ್ನು ನೋಡಬಹುದು. ಗಂಗರ ಕಾಲದ ನಿರ್ಗುಂದ ನಾಡಿನ ಹೆಸರು ಉಳಿದಿರುವುದು ಈ ಊರಿನಲ್ಲಿ. ಗಂಗ ಶ್ರೀಪುರುಷನ 776ರ ದೇವರಹಳ್ಳಿ ತಾಮ್ರಪಟ ನಿರ್ಗುಂದದ ಅರಸ ಪರಮಗೂಳನನ್ನೂ ಅವನ ರಾಣಿ ಕುಂದಾಚ್ಚಿಯನ್ನೂ ಹೆಸರಿಸಿ, ಅವಳು ಶ್ರೀಪುರದಲ್ಲಿ ಕಟ್ಟಿಸಿದ ಲೋಕತಿಲಕ ಜಿನಾಲಯಕ್ಕೆ ದೊರೆತ ದತ್ತಿಯನ್ನು ದಾಖಲಿಸುತ್ತದೆ. ತಾಮ್ರಪಟ ದೊರೆತದ್ದು ನಾಗಮಂಗಲ ಸೀಮೆಯಲ್ಲಿ, ಅದರ ಭಾಷೆ ಸಂಸ್ಕೃತ, ಹೆಸರಿನ ನಾಡು ಹೊಸದುರ್ಗದಲ್ಲಿ, ದತ್ತಿಯ ಸಂದರ್ಭ ಜೈನ. ಸಂಸ್ಕೃತ ಬಲ್ಲವನಿಗೆ ಗಂಗರ ಆಡಳಿತ ತಿಳಿದಿರಬೇಕು. ಆಡಳಿತ ಬಲ್ಲವನಿಗೆ ಬಸದಿಯ ವ್ಯವಸ್ಥೆ ಮತ್ತು ಮುನಿಪರಂಪರೆಯ ಪರಿಭಾಷೆ ತಿಳಿದಿರಬೇಕು. ಇವೆಲ್ಲವನ್ನೂ ಬಲ್ಲವನಿಗೆ ಆಧುನಿಕ ತಾಲ್ಲೂಕುಗಳ ನಕ್ಷೆಯ ಮೇಲೆ ಹಳೆಯ ನಾಡುಗಳ ಗಡಿ ಎಳೆಯಲು ಬರಬೇಕು. ಎಂಟನೆಯ ಶತಮಾನದ ದಾನಶೀಲ ಸ್ತ್ರೀಯೊಬ್ಬಳ ಹೆಸರು ಈ ತಗಡಿನಲ್ಲಿರುವುದರಿಂದ ಸ್ತ್ರೀ ಅಧ್ಯಯನಕ್ಕೂ ಇಲ್ಲಿ ಪಾಲಿದೆ.

ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ಮುಖಮಂಟಪದ ಛಾವಣಿಯಲ್ಲಿ ಪುರಾಣಕಥೆಗಳ ಚಿತ್ರಗಳಿವೆ. ಚಿತ್ರಕಲೆಯ ಇತಿಹಾಸ ಬಲ್ಲವನು ಬಣ್ಣ, ರೇಖೆ, ಉಡುಗೆ ತೊಡುಗೆಗಳಿಂದ ಕಾಲವನ್ನು ಊಹಿಸಬಲ್ಲ. ಚಿತ್ರಕಾರ ಯಾವ ಕಥೆಯ ಯಾವ ಪಾಠವನ್ನು ಅನುಸರಿಸಿದ, ಸಂಸ್ಕೃತ ಪುರಾಣವನ್ನೋ ಕನ್ನಡ ಕಾವ್ಯವನ್ನೋ ಜನರ ಬಾಯಲ್ಲಿದ್ದ ಕಥೆಯನ್ನೋ ಎಂದು ತಿಳಿಯಬೇಕಾದರೆ ಸಾಹಿತ್ಯದ ಅಭ್ಯಾಸಿಯೇ ಬೇಕು. ಹೊಳಲ್ಕೆರೆಯ ಬಯಲು ಗಣಪತಿ ನಿತ್ಯ ಪೂಜೆಗೊಳ್ಳುವ ದೇವರು, ಪಾಳೆಯಗಾರರ ಕಾಲದೊಡನೆ ಹೆಸರು ಬೆಸೆದ ವಿಗ್ರಹ, ಸುತ್ತಲಿನ ಜನಪದದ ಹರಕೆಯ ನೆಲೆ. ಶಿಲ್ಪಶಾಸ್ತ್ರ, ರಾಜಕೀಯ ಚರಿತ್ರೆ, ಜಾನಪದ ಎಂಬ ಮೂರು ಹೆಸರುಗಳನ್ನು ಮೂರು ವಿಭಾಗಗಳು ಹಂಚಿಕೊಂಡಿವೆ. ವಿಗ್ರಹ ಮಾತ್ರ ಹಂಚಿಹೋಗಿಲ್ಲ.

ಇನ್ನೊಂದು ಸಾಕ್ಷಿ ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯದು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡನು ತನ್ನ ವೃತ್ತಿಸೂಚಕ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದ. ಆ ಶಾಸನದ 'ಇಸಿಲ' ಎಂಬ ಸ್ಥಳನಾಮವನ್ನು ಡಿ.ಎಲ್. ನರಸಿಂಹಾಚಾರ್ಯರು ಬಾಣ ಎಸೆಯುವ ಅರ್ಥದ ಕನ್ನಡ ಧಾತುವಿಗೆ ಜೋಡಿಸಿದರು. ಅವರ ಮತವನ್ನು ಒಪ್ಪಬಹುದು, ಬಿಡಬಹುದು. ಆದರೆ ಅದನ್ನು ಮಂಡಿಸಲು ಮೌರ್ಯರ ಪ್ರಾಕೃತ ಮತ್ತು ಹಳಗನ್ನಡದ ಧಾತುಕೋಶ ಒಂದೇ ತಲೆಯಲ್ಲಿ ಇರಬೇಕಾಗಿತ್ತು. ಕನ್ನಡದ ಪ್ರಾಚೀನತೆಯ ಬಗ್ಗೆ ವೇದಿಕೆಗಳಲ್ಲಿ ಹೆಮ್ಮೆಯಿಂದ ಉದ್ಧರಿಸಲಾಗುವ ಈ ಪದ ಎರಡು ವಿದ್ಯೆಗಳ ಸಂಗಮದಲ್ಲಿ ದೊರೆತದ್ದು.

ಮೊದಲ ಆಕ್ಷೇಪ: ಆಳದ ಹೆಸರಿನಲ್ಲಿ

ಜಂಟಿ ನೇಮಕಾತಿಯನ್ನು ವಿರೋಧಿಸುವ ಪ್ರಾಧ್ಯಾಪಕರು ಮುಂದಿಡುವ ಮೊದಲ ಮಾತು ಆಳದ್ದು. ಎರಡು ವಿಭಾಗಗಳಲ್ಲಿ ಕಾಲಿಟ್ಟವನು ಎರಡರಲ್ಲಿಯೂ ಮೇಲುಮೇಲಿನವನಾಗುತ್ತಾನೆ, ಎರಡು ದೋಣಿಯ ಮೇಲೆ ನಿಂತವನು ನೀರಿಗೆ ಬೀಳುತ್ತಾನೆ ಎನ್ನುತ್ತಾರೆ. ವಾದ ಕೇಳಲು ಗಂಭೀರವಾಗಿದೆ, ಪರೀಕ್ಷೆಗೆ ನಿಲ್ಲುವುದಿಲ್ಲ.

ಕನ್ನಡದ ಅತಿ ಪ್ರಾಚೀನ ಗದ್ಯಕೃತಿಗಳಲ್ಲಿ ಒಂದಾದ 'ವಡ್ಡಾರಾಧನೆ'ಯ ಅಧ್ಯಯನವನ್ನೇ ತೆಗೆದುಕೊಳ್ಳಬಹುದು. ಅದರ ಕಥೆಗಳ ಬೇರು ಶಿವಾರ್ಯನ ಪ್ರಾಕೃತ ಆರಾಧನಾ ಗ್ರಂಥದಲ್ಲಿದೆ. ಅದೇ ಪರಂಪರೆಯ ಸಂಸ್ಕೃತ ರೂಪ ಹರಿಷೇಣನ 'ಬೃಹತ್ಕಥಾಕೋಶ'ದಲ್ಲಿದೆ. ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆಯವರು ಕೊಲ್ಹಾಪುರದಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದು 1943ರಲ್ಲಿ ಬೃಹತ್ಕಥಾಕೋಶವನ್ನು ಸಂಪಾದಿಸಿದರು. ಅದರ ಪೀಠಿಕೆಯಲ್ಲಿ ಕನ್ನಡ ಕೃತಿಯನ್ನೂ ಆ ಆರಾಧನಾ ಪರಂಪರೆಯೊಳಗೆ ಇಟ್ಟು ವಿವೇಚಿಸಿದರು. ಡಿ.ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ಆವೃತ್ತಿ 1949ರಲ್ಲಿ ಬಂದಿತು. ಕನ್ನಡವನ್ನು ಮಾತ್ರ ಬಲ್ಲವನು ಈ ಕೃತಿಯನ್ನು ಸವಿಯಬಲ್ಲ. ಅದರ ಕರ್ತೃತ್ವ, ಕಾಲ, ಆಕರಗಳ ಪ್ರಶ್ನೆಯನ್ನು ಬಿಡಿಸಲಾರ. ಪ್ರಾಕೃತವನ್ನು ಮಾತ್ರ ಬಲ್ಲವನಿಗೆ ಕನ್ನಡದ ಗದ್ಯ ಏನನ್ನು ಹೊಸದಾಗಿ ಸಾಧಿಸಿತೆಂದು ಕಾಣದು. ಇಲ್ಲಿ ಆಳ ಹುಟ್ಟಿರುವುದು ಎರಡು ವಿದ್ಯೆಗಳ ಒಡನಾಟದಿಂದ. ಅದೇ ಉಪಾಧ್ಯೆಯವರು 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮೊದಲ ಪ್ರಾಧ್ಯಾಪಕರಾಗಿ ಬಂದರೆಂಬುದು ಆ ಬಗೆಯ ವಿದ್ವತ್ತಿಗೆ ಸಂಸ್ಥೆ ಸಲ್ಲಿಸಿದ ಮನ್ನಣೆ. ಆ ಮನ್ನಣೆ ಕೂಡ ಬೇರೆಯದೊಂದು ವಿಭಾಗವಾಗಿ ಬಂದದ್ದರಿಂದ, ಪಕ್ಕದ ಕಟ್ಟಡದ ಕನ್ನಡ ವಿದ್ಯಾರ್ಥಿಗೆ ಪ್ರಾಕೃತದ ಪಾಠ ಐಚ್ಛಿಕ ಪರದೇಶವಾಗಿಯೇ ಉಳಿಯಿತು.

ಆಳದ ಹೆಸರಿನಲ್ಲಿ ಎತ್ತುವ ಆಕ್ಷೇಪದ ಹಿಂದೆ ಬಹಳ ಸಲ ಬೇರೆಯದೇ ಭಯವಿರುತ್ತದೆ: ತಮ್ಮ ಅಧ್ಯಯನ ಮಂಡಳಿಗೆ, ತಮ್ಮ ಮೌಲ್ಯಮಾಪನಕ್ಕೆ, ತಮ್ಮ ಸಂಶೋಧನ ಮಾರ್ಗದರ್ಶನದ ಪಾಲಿಗೆ ಹೊರಗಿನವನೊಬ್ಬ ಬಂದಾನೆಂಬ ಭಯ. ವಿದ್ಯೆಯ ಗಡಿ ಕಾಯುವುದು ಬೇರೆ, ಬೇಲಿ ಕಾಯುವುದು ಬೇರೆ.

ಎರಡನೆಯ ಅಪಾಯ: ಉಳಿತಾಯದ ಹೆಸರಿನಲ್ಲಿ

ಪ್ರಾಧ್ಯಾಪಕರ ಸಂಕೋಚಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಆಡಳಿತದ ಉತ್ಸಾಹ. ಖಾಲಿ ಹುದ್ದೆ ಎರಡು, ತುಂಬಲು ಮನಸ್ಸಿರುವುದು ಒಂದನ್ನು. 'ಅಂತರಶಿಸ್ತೀಯ' ಎಂಬ ಪದವನ್ನು ಮುಂದಿಟ್ಟು ಒಬ್ಬನನ್ನೇ ಎರಡೂ ಕಡೆ ಓಡಿಸಿದರೆ ಉಳಿತಾಯವೂ ಆಯಿತು, ಆಧುನಿಕತೆಯೂ ಆಯಿತು ಎಂಬ ಲೆಕ್ಕ ಅದು. ನಾಡಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಲೆಕ್ಕದ ರುಚಿ ಚೆನ್ನಾಗಿ ಗೊತ್ತಿದೆ. ಕಾರ್ಯಭಾರ ಸಾಲದೆಂದು ವಾರದಲ್ಲಿ ಎರಡು ದಿನ ಬೇರೆ ತಾಲ್ಲೂಕಿನ ಕಾಲೇಜಿಗೆ ನಿಯೋಜನೆ. ಉಳಿದ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲಿಗೆ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೋ ಚಿತ್ರದುರ್ಗದಿಂದ ಹಿರಿಯೂರಿಗೋ ಬಸ್ಸಿನಲ್ಲಿ ಓಡಾಡುವ ಅಧ್ಯಾಪಕ ಎರಡು ಹಾಜರಿ ಪುಸ್ತಕಗಳಲ್ಲಿ ಸಹಿ ಹಾಕಬಲ್ಲ; ಎರಡು ಕಡೆ ವಿದ್ಯೆ ಕಟ್ಟಲಾರ. ಇದಕ್ಕೆ ಜಂಟಿ ನೇಮಕಾತಿ ಎಂಬ ಗೌರವದ ಹೆಸರು ಸಲ್ಲದು.

ಗಣಿತ ಸರಳವಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕನ ನೇರ ಬೋಧನೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕರದು 14 ಗಂಟೆ. ಇಬ್ಬರು ವಿಭಾಗ ಮುಖ್ಯಸ್ಥರು ತಮ್ಮ ತಮ್ಮ ವೇಳಾಪಟ್ಟಿಯನ್ನು ಬೇರೆ ಬೇರೆ ಕೂತು ಬರೆದರೆ ಆ 16 ಗಂಟೆ ಸದ್ದಿಲ್ಲದೆ 24 ಆಗುತ್ತದೆ. ಸಭೆಗಳು, ಪರೀಕ್ಷಾ ಕೆಲಸ, ಪ್ರವೇಶಾತಿ ಎಲ್ಲವೂ ಇಮ್ಮಡಿಯಾಗುತ್ತವೆ. ಬಡ್ತಿಯ ಸಮಯದಲ್ಲಿ ಮಾತ್ರ ಲೆಕ್ಕ ಉಲ್ಟಾ: ಕನ್ನಡ ವಿಭಾಗದ ತಜ್ಞರಿಗೆ ಅವನ ನಾಣ್ಯಶಾಸ್ತ್ರದ ಲೇಖನ 'ನಮ್ಮ ವಿಷಯದ್ದಲ್ಲ', ಇತಿಹಾಸದ ತಜ್ಞರಿಗೆ ಅವನ ಗ್ರಂಥಸಂಪಾದನೆ 'ಸಾಹಿತ್ಯದ ಕೆಲಸ'. ದುಡಿಮೆಗೆ ಇಬ್ಬರು ಒಡೆಯರು, ಮನ್ನಣೆಗೆ ಒಬ್ಬನೂ ಇಲ್ಲ. ಸವೆದ ಶಾಸನವೊಂದರ ಪಾಠವನ್ನು ಮರಳಿ ಮರಳಿ ಪರೀಕ್ಷಿಸಿ ನಿರ್ಣಯಿಸಲು ವರ್ಷಗಳು ಹಿಡಿಯುತ್ತವೆ. ಅಂಕಪಟ್ಟಿಯಲ್ಲಿ ಅದು ಒಂದು ಲೇಖನ ಅಷ್ಟೆ. ಈ ಅಸಮತೆ ಉಳಿದಿರುವಷ್ಟು ಕಾಲ ಜಾಣ ಯುವಕ ಯುವತಿಯರು ಶಾಸನದ ಹತ್ತಿರ ಸುಳಿಯುವುದಿಲ್ಲ.

ಮೀಸಲಾತಿಯ ಪ್ರಶ್ನೆಯನ್ನು ಇಲ್ಲಿ ಮರೆಮಾಚಬಾರದು. ಯಾವ ಘಟಕವನ್ನು ಲೆಕ್ಕಕ್ಕೆ ಹಿಡಿಯಬೇಕು, ವಿಭಾಗವನ್ನೋ ವಿಶ್ವವಿದ್ಯಾನಿಲಯವನ್ನೋ ಎಂಬ ವ್ಯಾಜ್ಯ ಅಲಹಾಬಾದ್ ಹೈಕೋರ್ಟಿನ 2017ರ ತೀರ್ಪಿನಿಂದ ಹಿಡಿದು ಕೇಂದ್ರದ 2019ರ ಕಾಯಿದೆಯವರೆಗೆ ದೇಶವನ್ನೇ ಕಲಕಿತು. ಸಂಸ್ಥೆಯನ್ನು ಇಡಿಯಾಗಿ ಒಂದು ಘಟಕವೆಂದು ಹಿಡಿಯಬೇಕೆಂದು ಆ ಕಾಯಿದೆ ಕೇಂದ್ರೀಯ ಶಿಕ್ಷಣ ಸಂಸ್ಥೆಗಳಿಗೆ ವಿಧಿಸಿತು. ವಿಭಾಗಗಳು ಚಿಕ್ಕವಾದಷ್ಟೂ ರೋಸ್ಟರ್ ಬಿಂದು ಎಂದೂ ಬಾರದೆ ಹೋಗುತ್ತದೆ ಎಂಬುದೇ ಆ ಹೋರಾಟದ ತಿರುಳು. ಎರಡು ವಿಭಾಗಗಳ ನಡುವೆ ತೂಗಾಡುವ ಹುದ್ದೆ ಯಾವ ರೋಸ್ಟರಿಗೂ ಸೇರದೆ ಜಾರಿಹೋದರೆ ಸಾಮಾಜಿಕ ನ್ಯಾಯಕ್ಕೆ ಅದು ಹಿಂಬಾಗಿಲ ದ್ರೋಹ. ಆದುದರಿಂದ ಜಾಹೀರಾತು ಹೊರಡುವ ಮೊದಲೇ ಹಂಚಿಕೆಯ ಹುದ್ದೆಯ ರೋಸ್ಟರ್ ಬಿಂದು ನಿರ್ಣಯವಾಗಿರಬೇಕು.

ಪಠ್ಯಕ್ರಮ ಓಡಿತು, ನೇಮಕಾತಿ ನಿಂತಿತು

ಬಹುಶಿಸ್ತೀಯ ಶಿಕ್ಷಣದ ಮಾತು ನಾಡಿಗೆ ಹೊಸದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮಂತ್ರವಾಗಿ ಜಪಿಸಿತು. ಕರ್ನಾಟಕ 2021-22ರಲ್ಲಿ ಅದನ್ನು ಪದವಿ ತರಗತಿಗಳಿಗೆ ತಂದಿತು. 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಈ ಹೋಗಿಬರುವಿಕೆಯಲ್ಲಿ ವಿದ್ಯಾರ್ಥಿಯ ವಿಷಯ ಸಂಯೋಜನೆ ಮತ್ತೆ ಮತ್ತೆ ಬದಲಾಯಿತು. ಅಧ್ಯಾಪಕನ ನೇಮಕಾತಿಯ ಚೌಕಟ್ಟು ಬದಲಾಗಲಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಪ್ರಾಕೃತಕ್ಕೆ ಬೇರೆ ವಿಷಯವಿದೆ, ಪುರಾತತ್ತ್ವಕ್ಕಿದೆ, ಕನ್ನಡಕ್ಕಿದೆ, ಇತಿಹಾಸಕ್ಕಿದೆ. ಶಾಸನಶಾಸ್ತ್ರಕ್ಕೆ ಸ್ವತಂತ್ರ ಸ್ಥಾನವಿಲ್ಲ. 2008ರಲ್ಲಿ ಕನ್ನಡಕ್ಕೂ 2024ರಲ್ಲಿ ಪ್ರಾಕೃತಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಎರಡಕ್ಕೂ ಶಾಲು ಹೊದಿಸಿದ್ದಾಯಿತು. ಎರಡನ್ನೂ ಬಲ್ಲವನಿಗೆ ಕುರ್ಚಿ ಹಾಕಲಿಲ್ಲ.

ಹಾಗಾದರೆ ಏನು ಬೇಕು? ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಸ್ಥಾಪನೆಯಾದುದು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಗಾಗಿ, ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿ ಇದೆ. ಶಾಸನ ಮತ್ತು ಹಸ್ತಪ್ರತಿ ಅಧ್ಯಯನಕ್ಕಾಗಿ ಕನ್ನಡ ಮತ್ತು ಇತಿಹಾಸಗಳ ನಡುವೆ ಹಂಚಿದ ಒಂದು ಪೂರ್ಣಕಾಲಿಕ, ಕಾಯಂ ಹುದ್ದೆ ಅಲ್ಲಿ ಸೃಷ್ಟಿಯಾಗಬೇಕು. ಅದು ಹೆಚ್ಚುವರಿ ಹುದ್ದೆಯಾಗಿರಬೇಕು. ಇರುವ ಎರಡು ಹುದ್ದೆಗಳನ್ನು ನುಂಗಿ ಹುಟ್ಟಿದ್ದಾಗಿರಬಾರದು. ಅದಕ್ಕೆ ಒಂದು ಮಾತೃ ವಿಭಾಗವಿರಬೇಕು: ಸಂಬಳ, ರಜೆ, ಸೇವಾ ಪುಸ್ತಕ, ರೋಸ್ಟರ್ ಅಲ್ಲಿ. ಬೋಧನೆಯ ಒಟ್ಟು ಗಂಟೆ ನಿಯಮದ ಮಿತಿಯೊಳಗೇ ಇದ್ದು, ಎರಡು ವಿಭಾಗಗಳ ಪಾಲು ನೇಮಕಾತಿ ಆದೇಶದಲ್ಲಿಯೇ ಅಂಕಿಗಳಲ್ಲಿ ನಮೂದಾಗಬೇಕು. ಆಯ್ಕೆ ಸಮಿತಿಯಲ್ಲಿಯೂ ಬಡ್ತಿ ಸಮಿತಿಯಲ್ಲಿಯೂ ಎರಡು ವಿಷಯಗಳ ತಜ್ಞರು ಒಟ್ಟಿಗೆ ಕುಳಿತು ಒಂದೇ ತೀರ್ಮಾನ ಕೊಡಬೇಕು. ಎರಡೂ ಅಧ್ಯಯನ ಮಂಡಳಿಗಳಲ್ಲಿ ಅಧ್ಯಾಪಕನಿಗೆ ಮತವಿರಬೇಕು, ಎರಡೂ ವಿಷಯಗಳಲ್ಲಿ ಸಂಶೋಧನ ಮಾರ್ಗದರ್ಶನದ ಹಕ್ಕಿರಬೇಕು. ಶಾಸನಗಳ ಕ್ಷೇತ್ರಕಾರ್ಯ ಬೋಧನೆಯ ಗಂಟೆಯಾಗಿ ಎಣಿಕೆಯಾಗಬೇಕು. ಚಂದ್ರವಳ್ಳಿಯ ಬಂಡೆಯನ್ನು ತರಗತಿಗೆ ಹೊತ್ತು ತರಲಾಗದು, ತರಗತಿಯೇ ಅಲ್ಲಿಗೆ ಹೋಗಬೇಕು. ಜಂಟಿ ನೇಮಕಾತಿ ರೂಢಿಯಲ್ಲಿರುವ ಪರದೇಶದ ವಿಶ್ವವಿದ್ಯಾನಿಲಯಗಳು ಇಂಥ ಷರತ್ತುಗಳನ್ನು ಲಿಖಿತ ಒಪ್ಪಂದದಲ್ಲಿ ಮೊದಲೇ ದಾಖಲಿಸುತ್ತವೆ. ಷರತ್ತುಗಳಿಲ್ಲದ ಹಂಚಿಕೆ ಅಲ್ಲಿಯೂ ಕಿರಿಯ ಅಧ್ಯಾಪಕರನ್ನು ಹಿಂಡುವ ಗಾಣವೇ.

ಇಂಥ ಒಬ್ಬ ಅಧ್ಯಾಪಕ ಅಥವಾ ಅಧ್ಯಾಪಿಕೆ ಹತ್ತು ವರ್ಷ ಚಿತ್ರದುರ್ಗದಲ್ಲಿ ನೆಲೆನಿಂತರೆ ಫಲ ಏನೆಂದು ಊಹಿಸುವುದು ಕಷ್ಟವಲ್ಲ. 'ಎಪಿಗ್ರಾಫಿಯ ಕರ್ನಾಟಿಕ'ದ 11ನೆಯ ಸಂಪುಟದಲ್ಲಿ ರೈಸ್ ಈ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸರ್ಕಾರಿ ಕಾಲೇಜುಗಳಿಂದ ಬರುವ ವಿದ್ಯಾರ್ಥಿಗಳಿಗೆ ತಮ್ಮ ಊರಿನ ಕಲ್ಲಿನ ಪಾಠವನ್ನು ಮುದ್ರಿತ ಪಾಠದೊಡನೆ ಹೋಲಿಸುವ ಕೆಲಸ ಕೊಟ್ಟರೆ ಸಾಕು, ಎಷ್ಟು ಕಲ್ಲು ಉಳಿದಿದೆ, ಎಷ್ಟು ಕಾಣೆಯಾಗಿದೆ, ಎಷ್ಟು ಓದು ತಿದ್ದುಪಡಿ ಬೇಡುತ್ತದೆ ಎಂಬುದು ಬಯಲಾಗುತ್ತದೆ. ಇಂದು ಆ ಕೆಲಸಕ್ಕೆ ಹೊರಟ ವಿದ್ಯಾರ್ಥಿಗೆ ಸಹಿ ಹಾಕುವ ಮಾರ್ಗದರ್ಶಕನೇ ಇಲ್ಲ: ಕನ್ನಡಕ್ಕೆ ಹೋದರೆ ಇದು ಇತಿಹಾಸ, ಇತಿಹಾಸಕ್ಕೆ ಹೋದರೆ ಇದು ಭಾಷೆ.

ಅತ್ತ ವಿಭಾಗಗಳು ಬೇಲಿ ಕಾಯುತ್ತಿರಲಿ, ಇತ್ತ ಆಡಳಿತ ಉಳಿತಾಯ ಎಣಿಸುತ್ತಿರಲಿ. ಕಲ್ಲು ಅವರಿಗಾಗಿ ಕಾಯುವುದಿಲ್ಲ. ಎಂ.ಎಚ್. ಕೃಷ್ಣ ಚಂದ್ರವಳ್ಳಿಯ ಶಾಸನವನ್ನು ಓದಿದಾಗ ಇದ್ದ ಅಕ್ಷರಗಳೆಲ್ಲ ಇಂದಿಗೂ ಹಾಗೆಯೇ ಇರುತ್ತವೆಂದು ಯಾರೂ ಭರವಸೆ ಕೊಡಲಾರರು. ಮಯೂರಶರ್ಮನ ಪಟ್ಟಿಯಲ್ಲಿ ಮೌಖರಿಗಳು ಇದ್ದರೋ ಇಲ್ಲವೋ ಎಂಬುದನ್ನು ತೀರ್ಮಾನಿಸಬಲ್ಲ ವಿದ್ವಾಂಸ ತಯಾರಾಗುವ ಹೊತ್ತಿಗೆ ತೀರ್ಮಾನಿಸಲು ಏನೂ ಉಳಿಯದಿದ್ದರೆ, ಆ ನಷ್ಟ ಕನ್ನಡ ವಿಭಾಗದ್ದೋ ಇತಿಹಾಸ ವಿಭಾಗದ್ದೋ ಎಂದು ನಿರ್ಣಯಿಸಲು ಇನ್ನೊಂದು ಸಮಿತಿಯನ್ನು ನೇಮಿಸಬೇಕಾದೀತು.